ಫೆರೋಫ್ಲೂಯಿಡ್ ಪದರದ ಪಕ್ಕ ಅಯಸ್ಕಾಂತ ಹಿಡಿದರೆ ಲೇಸರ್ ಚುಕ್ಕೆ ಗೆರೆಯಾಗುವುದೇಕೆ?

ಅಯಸ್ಕಾಂತಕ್ಕೆ ಸ್ಪಂದಿಸುವ ದ್ರವವಾದ ಫೆರೋಫ್ಲೂಯಿಡ್ ಅನ್ನು ಎರಡು ಗಾಜಿನ ನಡುವೆ ತೆಳು ಪದರವಾಗಿಸಿ ಲೇಸರ್ ಹಾಯಿಸಿದಾಗ, ಪಕ್ಕದ ಅಯಸ್ಕಾಂತದಿಂದ ಗೋಡೆಯ ಮೇಲಿನ ಚುಕ್ಕೆ ಗೆರೆಯಾಗುತ್ತದೆ; ಅಯಸ್ಕಾಂತ ಬೆಳಕನ್ನು ಬಾಗಿಸುತ್ತಿದೆಯೇ ಎಂದು ಕೇಳಿದ್ದೀರಿ. ಇಲ್ಲ. ಗಾಜಿನ ನಡುವಿನ ದ್ರವ ತೆಗೆದುಬಿಡಿ, ಅದೇ ಅಯಸ್ಕಾಂತದ ಪಕ್ಕದಲ್ಲೂ ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ. ಅಯಸ್ಕಾಂತ ಎಳೆದಾಡುವುದು ಕಣಗಳನ್ನು.

ಈ ದ್ರವದಲ್ಲಿರುವುದು ಸುಮಾರು 10 ನ್ಯಾನೋಮೀಟರ್ ಅಗಲದ ಮ್ಯಾಗ್ನೆಟೈಟ್ (ಕಬ್ಬಿಣದ ಆಕ್ಸೈಡ್) ಕಣಗಳು, ಅವು ಒಂದಕ್ಕೊಂದು ಅಂಟದಂತೆ ಓಲಿಯಿಕ್ ಆಮ್ಲದಂಥ ಲೇಪ, ಸುತ್ತ ಸೀಮೆಎಣ್ಣೆಯೋ ಖನಿಜ ತೈಲವೋ. ಕಾಂತಕ್ಷೇತ್ರ ಬಿದ್ದೊಡನೆ ಕಣಗಳು ಅದರ ದಿಕ್ಕಿನಲ್ಲೇ ಸರಪಳಿ ಕಟ್ಟುತ್ತವೆ. ಉದ್ದನೆಯ ಸಣ್ಣ ಎಳೆ ಬೆಳಕನ್ನು ತನಗೆ ಅಡ್ಡಲಾಗಿ ಚೆದರಿಸುತ್ತದೆ. ಒಂದು ತಲೆಗೂದಲಿಗೆ ಲೇಸರ್ ಬಿಟ್ಟರೂ ಹೀಗೇ ಗೆರೆ ಮೂಡುತ್ತದೆ. ಆದ್ದರಿಂದ ನಿಮ್ಮ ಗೆರೆ ಕ್ಷೇತ್ರಕ್ಕೆ 90 ಡಿಗ್ರಿಯಲ್ಲಿದೆ. ಸುತ್ತ ಎಲ್‌ಇಡಿ ದೀಪಗಳಿಟ್ಟ ಇಂಥದೇ ಪದರದಲ್ಲಿ ಕಾಣುವ ಎಳೆಗಳನ್ನೇ ಕಾಂತ ಬಲರೇಖೆಗಳು ಎಂದು ತೋರಿಸುವ ವಿಡಿಯೋಗಳನ್ನು ನಂಬಬೇಡಿ, ದಯವಿಟ್ಟು. ಎಲ್‌ಇಡಿ ಜಾಗ ಬದಲಿಸಿದರೆ ಆ ಎಳೆಗಳೂ ಜಾಗ ಬದಲಿಸುತ್ತವೆ, ಬಲರೇಖೆ ಬದಲಿಸುವುದಿಲ್ಲ.

ಪದರ ಸರಿಯಾಗಿರಬೇಕು. ಬಾಟಲಿಯ ದ್ರವ ಕಪ್ಪು, ಬೆಳಕು ಸರಿಯಾಗಿ ಹಾಯದು. ಒಂದು ಪಾಲಿಗೆ ಐದರಿಂದ ಹತ್ತು ಪಾಲು ಅದರದೇ ಮೂಲ ಎಣ್ಣೆ ಬೆರೆಸಿ. ನೀರು ಆಧಾರಿತ ದ್ರವಕ್ಕೆ ಎಣ್ಣೆ ಹಾಕಿದರೆ ಬೆರೆಯದು. ಎಣ್ಣೆಯದಕ್ಕೆ ಅಸಿಟೋನ್‌ನಂಥ ದ್ರಾವಕ ತಗುಲಿದರೆ ಕಣಗಳು ಗಂಟುಕಟ್ಟುತ್ತವೆ, ಅದಕ್ಕೇ ಅಂಚು ಮುಚ್ಚಲು ನೇಲ್ ಪಾಲಿಷ್ ಬೇಡ, ಎಪಾಕ್ಸಿ ಅಂಟು ಬಳಸಿ. 22 ಮಿಲಿಮೀಟರ್ ಚೌಕದ ಕವರ್ ಸ್ಲಿಪ್ (ಸೂಕ್ಷ್ಮದರ್ಶಕಕ್ಕೆ ಬಳಸುವ ತೆಳು ಗಾಜು) ಕೆಳಗೆ 10 ಮೈಕ್ರೋಲೀಟರ್ ಬಿಟ್ಟರೆ ಪದರ ಸುಮಾರು 20 ಮೈಕ್ರಾನ್ ದಪ್ಪ ಬರುತ್ತದೆ. ಲೇಸರ್ ಕೆಂಪಿರಲಿ, 650 ನ್ಯಾನೋಮೀಟರ್, 5 ಮಿಲಿವ್ಯಾಟ್ ಒಳಗೆ. ನೀಲಿ, ಹಸಿರನ್ನು ಮ್ಯಾಗ್ನೆಟೈಟ್ ಹೆಚ್ಚು ನುಂಗುತ್ತದೆ. ಲೇಸರ್ ಜೋರಾದರೆ ದ್ರವ ಕಾದು ಗೋಡೆಯ ಮೇಲೆ ಉಂಗುರಗಳು ಬೀಳುತ್ತವೆ, ಅದಕ್ಕೂ ಕ್ಷೇತ್ರಕ್ಕೂ ಸಂಬಂಧವಿಲ್ಲ. ಕಿರಣವನ್ನು ನೇರ ನೋಡಬೇಡಿ.

ಒಂದೇ ಅಯಸ್ಕಾಂತವನ್ನು ಗಾಜಿಗೆ ಒತ್ತಿ ಹಿಡಿದರೆ ಕಣಗಳೆಲ್ಲ ಅತ್ತ ಸೇರಿ ಉಳಿದೆಡೆ ಪದರ ಬಡವಾಗುತ್ತದೆ. ಎಡಬಲ ಎರಡನ್ನು ಉತ್ತರ-ದಕ್ಷಿಣ ಎದುರುಬದುರಾಗಿಟ್ಟರೆ ಕ್ಷೇತ್ರ ಸಮವಾಗಿರುತ್ತದೆ.

ಇನ್ನೂ ಚೆಂದದ ಪರೀಕ್ಷೆ ಬೇಕೆಂದರೆ ಎರಡು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ತನ್ನಿ. ಕತ್ತಲಾಗುವಂತೆ ಅಡ್ಡಡ್ಡ ಜೋಡಿಸಿ ನಡುವೆ ಪದರ ಇಡಿ. ಕ್ಷೇತ್ರ ಹಾಳೆಯ ಅಕ್ಷಕ್ಕೆ 45 ಡಿಗ್ರಿಯಲ್ಲಿದ್ದಾಗ ಬೆಳಕು ಹೊರಬರುತ್ತದೆ. 0 ಅಥವಾ 90ರಲ್ಲಿ ಮತ್ತೆ ಕತ್ತಲು. ಸರಪಳಿಯ ಉದ್ದಕ್ಕೂ ಅಡ್ಡಕ್ಕೂ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ) ಬೇರೆಯಾಗಿರುವುದೇ ಇದಕ್ಕೆ ಕಾರಣ. ಅಯಸ್ಕಾಂತ ತೆಗೆದ ಮೇಲೂ ಬೆಳಕು ಉಳಿದರೆ ದ್ರವದಲ್ಲಿ ಗಂಟುಗಳಾಗಿವೆ ಎಂದರ್ಥ, ಹೊಸ ಪದರ ಮಾಡಿ.