ಇಂಡಸ್ಟ್ರಿಯಲ್ ಸಂಗೀತ (ಯಂತ್ರ, ಲೋಹಗಳ ಸದ್ದಿನ ಸಂಗೀತ) ನಂಬಿಕೊಂಡು ಜರ್ಮನಿಯಲ್ಲಿ ಬದುಕಬಹುದಾ? ಮೊದಲು ಬರ್ಲಿನ್‌ಗೆ ಹೋಗಲಾ, ಆಲ್ಬಂ ಹೊರತರುವ ಲೇಬಲ್ ಹುಡುಕಲಾ?

ಎರಡೂ ಬೇಡ. ನಾನು ಇಲ್ಲಿಗೆ ಓದಲು ಬಂದವನು, ಎಫ್. ಎಂ. ಐನ್‌ಹೈಟ್ ಅನ್ನುವ ಜರ್ಮನ್ ಸಂಗೀತಗಾರ ಉದ್ದನೆಯ ಉಕ್ಕಿನ ಸ್ಪ್ರಿಂಗ್ ಬಾರಿಸುವ ವಿಡಿಯೋ ನೋಡಿ ತಲೆ ಕೆಡಿಸಿಕೊಂಡೆ. ವಾರವೆಲ್ಲ ಲ್ಯಾಬು, ಶನಿವಾರ ಯಾವುದೋ ನೆಲಮಾಳಿಗೆಯಲ್ಲಿ ತಗಡು, ಡ್ರಿಲ್ಲು, ವಸ್ತುವಿಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕು. ಕೇಳಲು ಬರುವವರೇ ಬೆರಳೆಣಿಕೆ, ಅವರಲ್ಲೂ ಅರ್ಧ ಜನ ನನ್ನ ನಂತರ ನುಡಿಸಬೇಕಾದವರು.

ಆಗ ಒಂದು ಸಣ್ಣ ನಾಟಕ ತಂಡದವರು, ರಂಗದ ಮೇಲೇ ಕೂತು ಸದ್ದು ಮಾಡುತ್ತೀರಾ, ದುಡ್ಡು ಕೊಡುತ್ತೇವೆ ಅಂದರು. ಆಗಲ್ಲ ಅಂದೆ. ಭಯಕ್ಕಲ್ಲ, ಜಂಬಕ್ಕೆ. ಬೇರೆಯವರ ಮಾತಿನ ಹಿಂದೆ ಸದ್ದು ಮಾಡಿದರೆ ಅದು ಹಿನ್ನೆಲೆ ಸಂಗೀತ, ನಿರ್ದೇಶಕಿ ಇಲ್ಲಿ ಮೆಲ್ಲಗೆ ಅನ್ನುತ್ತಾರೆ, ಇಲ್ಲಿ ನಿಲ್ಲಿಸಿ ಅನ್ನುತ್ತಾರೆ, ಆಮೇಲೆ ನನ್ನದು ಅಂತ ಏನು ಉಳಿಯಿತು, ನಾನು ಆಲ್ಬಂ ಮಾಡಬೇಕು, ತಾಲೀಮಿಗೆ ಸಮಯ ಕೊಟ್ಟರೆ ಆಲ್ಬಂ ಯಾರು ಮಾಡುತ್ತಾರೆ ಅಂತೆಲ್ಲ ಲೆಕ್ಕ ಹಾಕಿದೆ. ಆಲ್ಬಂ ಬಂತು, ಯಾರೂ ಕೊಳ್ಳಲಿಲ್ಲ. ಆ ನಾಟಕಕ್ಕೆ ಹೋದ ನನ್ನ ಜೊತೆಗಾರನಿಗೆ ಇನ್ನೊಂದು ನಾಟಕ ಸಿಕ್ಕಿತು, ಅಲ್ಲಿಂದ ರೇಡಿಯೋ. ಅವನು ಈಗಲೂ ಅದರಲ್ಲೇ ಬದುಕುತ್ತಿದ್ದಾನೆ. ನಾನು ಕೋಡ್ ಬರೆಯುತ್ತೇನೆ.

ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ಐನ್‌ಹೈಟ್ ಅವರ ದಾರಿಯೂ ಅದೇ, ನಾನು ಅದರ ಮೊದಲರ್ಧ ಮಾತ್ರ ಓದಿಕೊಂಡಿದ್ದೆ! ಡಾರ್ಟ್‌ಮುಂಡ್‌ನಲ್ಲಿ ಹುಟ್ಟಿದವರು, ಹ್ಯಾಂಬರ್ಗ್‌ನ ಆಪ್‌ವೆರ್ಟ್ಸ್ ಬ್ಯಾಂಡಿನಿಂದ ಪಶ್ಚಿಮ ಬರ್ಲಿನ್ನಿನ ಇಂಡಸ್ಟ್ರಿಯಲ್ ಬ್ಯಾಂಡ್ ಐನ್‌ಷ್ಟುರ್ಟ್ಸೆಂಡೆ ನೊಯ್‌ಬೌಟನ್ ಸೇರಿದರು. 1984ರ ಜನವರಿಯಲ್ಲಿ ಲಂಡನ್ನಿನ ಐಸಿಎ ಕಲಾಕೇಂದ್ರದಲ್ಲಿ ವೇದಿಕೆಯನ್ನೇ ಕೊರೆಯಲು ಹೋಗಿ ಕಾರ್ಯಕ್ರಮವೇ ನಿಂತುಹೋಯಿತಲ್ಲ, ಆ ಗಲಾಟೆಯಲ್ಲೂ ಇದ್ದರು. ನನ್ನಂಥವರಿಗೆ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ 1995ರಲ್ಲಿ ಬ್ಯಾಂಡ್ ಬಿಡುವ ಮೊದಲೇ ಅವರು ಲೇಖಕ ಆಂಡ್ರಿಯಾಸ್ ಆಮರ್ ಜೊತೆ ರೇಡಿಯೋ ನಾಟಕ ಮಾಡುತ್ತಿದ್ದರು. ಇಟಲಿಯ ಹಳೆಯ ಕವಿ ಡಾಂಟೆಯ ನರಕದ ಕಾವ್ಯವನ್ನು 1993ರಲ್ಲಿ ‘ರೇಡಿಯೋ ಇನ್ಫರ್ನೋ’ ಅಂತ ಬವೇರಿಯಾದ ಸಾರ್ವಜನಿಕ ರೇಡಿಯೋಗೆ ತಂದರು. ವಿಮಾನ ಬೀಳುವ ಮುಂಚಿನ ಕಾಕ್‌ಪಿಟ್ ಮಾತುಗಳ ಮೇಲೆ ಕಟ್ಟಿದ ‘ಕ್ರ್ಯಾಶಿಂಗ್ ಏರೋಪ್ಲೇನ್ಸ್’ಗೆ, ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಸಂಘದ ಹೆಸರಿನ ದೊಡ್ಡ ರೇಡಿಯೋ ನಾಟಕ ಪ್ರಶಸ್ತಿ ಬಂತು. ಜೊತೆಗೆ ರಂಗಭೂಮಿಯ ಕೆಲಸ. ಅಲ್ಲೂ ಅದೇ ಸ್ಪ್ರಿಂಗ್, ಅದೇ ಇಟ್ಟಿಗೆ, ಕಲ್ಲು. ಸದ್ದು ಒಂಚೂರೂ ಸಪ್ಪೆಯಾಗಲಿಲ್ಲ.

ಇಲ್ಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟುತ್ತದೆ, ನಾನೂ ಗೊಣಗಿಕೊಂಡೇ ಕಟ್ಟುತ್ತೇನೆ. ಇಂಥ ವಿಚಿತ್ರ ಸದ್ದಿಗೆ ರೇಡಿಯೋದಲ್ಲಿ ಜಾಗ, ಸ್ಟುಡಿಯೋ, ಸಂಭಾವನೆ ಎಲ್ಲ ಬರುವುದು ಆ ದುಡ್ಡಿನಿಂದ. ಕ್ಲಬ್ಬಿನ ಬಾಗಿಲಲ್ಲಿ ವಸೂಲಾಗುವ ಚಿಲ್ಲರೆಯಿಂದಲ್ಲ.

ಬರ್ಲಿನ್ ವಿಷಯಕ್ಕೆ ಬಂದರೆ, 1980ರ ಪಶ್ಚಿಮ ಬರ್ಲಿನ್ ಬೇರೆ. ಸುತ್ತ ಗೋಡೆ, ಬಾಡಿಗೆ ಕಡಿಮೆ, ಅಲ್ಲಿದ್ದ ಹುಡುಗರಿಗೆ ಕಡ್ಡಾಯ ಸೈನ್ಯ ಸೇವೆ ಇಲ್ಲ. ಕೆಲಸ ಇಲ್ಲದೆಯೂ ದಿನ ದೂಡಬಹುದಿತ್ತು. ಈಗ ಅಲ್ಲಿ ಒಂದು ರೂಮು ಹುಡುಕಿ ನೋಡಿ, ಗೊತ್ತಾಗುತ್ತೆ. ಲೇಬಲ್ ಬಗ್ಗೆ ನಾನು ಮಾತಾಡುವುದೇ ಇಲ್ಲ.

ನೀವು ಮಾಡಬೇಕಾದ್ದು, ಜರ್ಮನ್ ಗಟ್ಟಿ ಮಾಡಿಕೊಳ್ಳಿ, ನಾಟಕ ಅಂದರೆ ಮಾತು ಅಲ್ವಾ. ನೀವಿರುವ ಊರಿನ ಸಣ್ಣ ತಂಡಗಳ ತಾಲೀಮಿಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಯಾರಾದರೂ ಸದ್ದು ಮಾಡಿಕೊಡಿ ಅಂದರೆ, ನಾಟಕ ಎಷ್ಟೇ ಕೆಟ್ಟದ್ದಿರಲಿ, ಮೊದಲನೆಯದನ್ನು ಒಪ್ಪಿಕೊಳ್ಳಿ. ಎರಡನೆಯದಕ್ಕೆ ಬೇಕಾದರೆ ಜಗಳ ಆಡಿ.