ರಿಯೋದಲ್ಲಿ 0.099 ಅಂಕದಿಂದ ಚಿನ್ನ ಕಳೆದುಕೊಂಡ ಉಕ್ರೇನ್ ಹುಡುಗನಿಗೆ ನಿಜಕ್ಕೂ ಅನ್ಯಾಯ ಆಯಿತಾ? ಆಮೇಲೆ ಅವನು ಏನಾದ?

ನೀವು ಕೇಳಿರುವುದು ಜಿಮ್ನಾಸ್ಟ್ ಒಲೆಗ್ ವೆರ್ನ್ಯಾಯೆವ್ ಬಗ್ಗೆ. ಅನ್ಯಾಯ ಆಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಆ ರಾತ್ರಿ ನನಗೆ ಹೊಟ್ಟೆ ಉರಿಯಲಿಲ್ಲ ಅಂತಲ್ಲ. (ಅವನು ನನಗಿಂತ ಚಿಕ್ಕವನು, ವರ್ಷಗಟ್ಟಲೆ ನೋಡಿದ್ದೇನೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.)

2016ರ ಆಗಸ್ಟ್‌ನಲ್ಲಿ, ರಿಯೋ ಒಲಿಂಪಿಕ್ಸ್ ಹೊತ್ತಿಗೆ, ನಮ್ಮಲ್ಲಿ ಬಹಳ ಜನ ಜಿಮ್ನಾಸ್ಟಿಕ್ಸ್ ನೋಡಿದ್ದೇ ದೀಪಾ ಕರ್ಮಾಕರ್ ಅವರಿಗೋಸ್ಕರ. ನಾನೂ ಅಷ್ಟೇ. ಅವರ ವಾಲ್ಟ್ ಫೈನಲ್ ಇದ್ದದ್ದು 14ಕ್ಕೆ. ಅದಕ್ಕೆ ನಾಲ್ಕು ದಿನ ಮುಂಚೆ ಗಂಡಸರ ಆಲ್‌ರೌಂಡ್ ಫೈನಲ್, ಅಂದರೆ ಆರು ಸಾಧನಗಳ ಮೇಲೆ ಆರು ಸುತ್ತು, ಎಲ್ಲದರ ಅಂಕ ಕೂಡಿಸಿ ಗೆಲುವು. ನಮ್ಮ ಗಡಿಯಾರದಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಹತ್ತು ನಿಮಿಷ ನೋಡಿ ಮಲಗೋಣ ಅಂತ ಸುಮ್ನೆ ಟಿವಿ ಹಾಕಿದವನು ಮುಗಿಯುವವರೆಗೆ ಏಳಲಿಲ್ಲ.

ಎದುರಾಳಿ ಯಾರು ಅಂತೀರಿ? ಜಪಾನಿನ ಕೊಹೆಯ್ ಉಚಿಮುರಾ. ಆ ಹೊತ್ತಿಗೆ ಆರು ಸಲ ಆಲ್‌ರೌಂಡ್ ವಿಶ್ವ ಚಾಂಪಿಯನ್, ಜೊತೆಗೆ ಲಂಡನ್ ಒಲಿಂಪಿಕ್ಸ್ ಚಿನ್ನ. ಅಂಥವರ ಮುಂದೆ 22 ವರ್ಷದ ಈ ಹುಡುಗ ಐದು ಸುತ್ತು ಮುಗಿದಾಗ 0.901 ಅಂಕ ಮೇಲಿದ್ದ. ಉಳಿದದ್ದು ಹೈ ಬಾರ್ (ಎತ್ತರದ ಒಂಟಿ ಸರಳು) ಒಂದೇ.

ಇಲ್ಲೊಂದು ಸೂಕ್ಷ್ಮ ಇದೆ. ಐದನೇ ಸುತ್ತು ಪ್ಯಾರಲಲ್ ಬಾರ್ಸ್ (ಅಕ್ಕಪಕ್ಕದ ಜೋಡಿ ಸರಳು), ಅದು ವೆರ್ನ್ಯಾಯೆವ್‌ನ ಮನೆ ಅಂಗಳ. ಆರನೆಯದು ಹೈ ಬಾರ್, ಅದು ಉಚಿಮುರಾ ಅವರದ್ದು. ಅಂದರೆ ಆ ಮುನ್ನಡೆ ಕಂಡಷ್ಟು ದೊಡ್ಡದಾಗಿರಲಿಲ್ಲ. ಉಚಿಮುರಾ ಮೊದಲು ಮಾಡಿದರು. ಕಂಬ ನೆಟ್ಟ ಹಾಗೆ ಇಳಿದರು. 15.800. ವೆರ್ನ್ಯಾಯೆವ್ ಸರದಿ ಆಮೇಲೆ. ಬಾರ್ ಮೇಲೆ ದೊಡ್ಡ ತಪ್ಪೇನೂ ಇಲ್ಲ. ಕೈಬಿಟ್ಟು ಗಾಳಿಯಲ್ಲಿ ತಿರುಗಿ ಇಳಿದಾಗ ಮಾತ್ರ ಪಾದ ನಿಲ್ಲಲಿಲ್ಲ, ಒಂದು ಪುಟ್ಟ ಕುಪ್ಪಳಿಕೆ. ಅಂಕ ಬರಲು ಸ್ವಲ್ಪ ಹೊತ್ತು ಹಿಡಿಯಿತು. 14.800.

ಒಟ್ಟು ಮೊತ್ತ ಉಚಿಮುರಾ ಅವರದ್ದು 92.365, ವೆರ್ನ್ಯಾಯೆವ್‌ನದು 92.266. ಇಳಿಯುವಾಗಿನ ಸಣ್ಣ ಹೆಜ್ಜೆಗೆ ನಿಯಮದ ಪ್ರಕಾರ 0.1 ಕಡಿತ. ಅದೊಂದನ್ನು ವಾಪಸ್ ಕೂಡಿಸಿ ನೋಡಿ: 92.366. ಸಾವಿರದ ಒಂದು ಪಾಲಿನಲ್ಲಿ ಚಿನ್ನ ಅವನದು! ಈ ಲೆಕ್ಕ ಹಾಕಿ ನಾನು ಎಷ್ಟು ಸಲ ಕೈ ಹಿಸುಕಿಕೊಂಡಿದ್ದೇನೋ. ಆದರೆ ಈ ಲೆಕ್ಕ ಪೂರ್ತಿ ಸರಿಯಲ್ಲ. ಆರು ಸುತ್ತಿನಲ್ಲಿ ಇಬ್ಬರೂ ಇಂಥ ಚೂರುಪಾರನ್ನು ಎಷ್ಟೋ ಕಡೆ ಬಿಟ್ಟಿರುತ್ತಾರೆ. ಕೊನೆಯ ಚೂರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಅವನೂ ಅನ್ಯಾಯ ಅನ್ನಲಿಲ್ಲ. ಆಮೇಲಿನ ಪತ್ರಿಕಾಗೋಷ್ಠಿಯಲ್ಲಿ ತೀರ್ಪುಗಾರರಿಗೆ ನಿಮ್ಮ ಮೇಲೆ ಒಲವು ಇದೆಯೇ ಅಂತ ಯಾರೋ ಉಚಿಮುರಾ ಅವರನ್ನು ಕೇಳಿದರು. ಮಧ್ಯೆ ಬಾಯಿ ಹಾಕಿ, ಅದು ಕೆಲಸಕ್ಕೆ ಬಾರದ ಪ್ರಶ್ನೆ ಅಂದವನು ಸೋತವನೇ. ನಾನು ಅವನ ಅಭಿಮಾನಿ ಆದದ್ದು ಆ ಮಾತಿಗೆ, ಆಟಕ್ಕಲ್ಲ.

ಉಚಿಮುರಾ ಅವರಿಂದ ಅವನಿಗೆ ಹೊಡೆತ ಬಿದ್ದದ್ದು ಅದೇ ಮೊದಲೂ ಅಲ್ಲ. 2012ರ ಲಂಡನ್ ತಂಡ ಸ್ಪರ್ಧೆ ನೆನಪಿದೆಯಾ? ಸ್ಪರ್ಧೆ ಮುಗಿದಾಗ ಬೋರ್ಡ್ ಮೇಲೆ ಉಕ್ರೇನ್ ಮೂರನೇ ಸ್ಥಾನ, ಜಪಾನ್ ನಾಲ್ಕು. ಪಾಮೆಲ್ ಹಾರ್ಸ್‌ನಿಂದ (ಮೇಲೆ ಎರಡು ಹಿಡಿ ಇರುವ ದಿಮ್ಮಿಯಂಥ ಸಾಧನ) ಉಚಿಮುರಾ ಇಳಿದ ರೀತಿಗೆ ಕೊಟ್ಟ ಅಂಕ ಕಡಿಮೆಯಾಯಿತು ಅಂತ ಜಪಾನ್ ಆಕ್ಷೇಪಿಸಿತು. 0.7 ಕೂಡಿತು. ಜಪಾನಿಗೆ ಬೆಳ್ಳಿ, ಬ್ರಿಟನ್‌ಗೆ ಕಂಚು, ಉಕ್ರೇನ್ ಬರಿಗೈ. ಆಗ ವೆರ್ನ್ಯಾಯೆವ್‌ಗೆ 18 ವರ್ಷ. ಗೆದ್ದೆ ಅಂದುಕೊಂಡ ಪದಕ ನಿಂತಲ್ಲೇ ಕೈಜಾರಿತು.

ಉಕ್ರೇನ್ ತಂಡದ ಆ ಐವರಲ್ಲಿ ಇಬ್ಬರು ಮುಂದೆ ದೇಶ ಬಿಟ್ಟರು. ನಿಕೊಲಾಯ್ ಕುಕ್ಸೆನ್ಕೊವ್ ರಷ್ಯಾಕ್ಕೆ, ಒಲೆಗ್ ಸ್ಟೆಪ್ಕೊ ಅಜರ್‌ಬೈಜಾನಿಗೆ. ರಿಯೋದಲ್ಲಿ ಕುಕ್ಸೆನ್ಕೊವ್ ರಷ್ಯಾ ಪರ ತಂಡ ಬೆಳ್ಳಿ ಗೆದ್ದರು. ಅದೇ ಫೈನಲ್‌ನಲ್ಲಿ ಉಕ್ರೇನ್ ಎಂಟಕ್ಕೆ ಎಂಟನೆಯದು. ವೆರ್ನ್ಯಾಯೆವ್ ಎಲ್ಲೂ ಹೋಗಲಿಲ್ಲ. ಅವನ ಹುಟ್ಟೂರು ದೊನೆತ್ಸ್ಕ್. 2014ರಲ್ಲಿ ಆ ಊರಲ್ಲೇ ಯುದ್ಧ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾದ ನಾನ್ನಿಂಗ್‌ನಲ್ಲಿ ಪ್ಯಾರಲಲ್ ಬಾರ್ಸ್ ವಿಶ್ವ ಚಾಂಪಿಯನ್ ಆದ. 2015ರಲ್ಲಿ ಯುರೋಪ್ ಆಲ್‌ರೌಂಡ್ ಚಾಂಪಿಯನ್, 2017ರಲ್ಲಿ ಮತ್ತೆ. ಅಭ್ಯಾಸ ಎಲ್ಲ ಕೀವ್ ಹತ್ತಿರದ ಕೊಂಚಾ-ಜಾಸ್ಪಾ ಶಿಬಿರದಲ್ಲಿ, ಕೋಚ್ ಹೆನ್ನಾದಿ ಸಾರ್ಟಿನ್ಸ್ಕಿ ಜೊತೆ.

0.099 ಹೇಳುವವರು ಮರೆಯುವುದೊಂದಿದೆ. ಅದಾಗಿ ಆರೇ ದಿನಕ್ಕೆ ಅವನಿಗೆ ಒಲಿಂಪಿಕ್ ಚಿನ್ನ ಸಿಕ್ಕಿತು. ಪ್ಯಾರಲಲ್ ಬಾರ್ಸ್, 16.041. ಈ ಸ್ಪರ್ಧೆಯಲ್ಲಿ ಕೈ ಹಿಡಿತ ಸಿಗಲಿ ಅಂತ ಎಷ್ಟೋ ಜನ ಬಾರ್‌ಗೆ ಜೇನು ಸವರಿ ಮೇಲೆ ಸೀಮೆಸುಣ್ಣದ ಪುಡಿ ಹಚ್ಚುತ್ತಾರೆ, ದೋಸೆ ಕಾವಲಿ ಹದ ಮಾಡಿದಷ್ಟು ಹುಷಾರಾಗಿ. ನನಗೆ ಮೊದಲು ಇದೇನು ಶಾಸ್ತ್ರ ಅನ್ನಿಸಿತ್ತು. ಅವನು ತಲೆಕೆಳಗಾಗಿ ಎರಡೂ ಕೈ ಮೇಲೆ ನಿಂತು, ಒಂದು ಕೈಯಿಂದ ಇನ್ನೊಂದಕ್ಕೆ ಭಾರ ದಾಟಿಸುವಾಗ ಕಾಲು ಒಂದಿಷ್ಟೂ ಅಲುಗುವುದಿಲ್ಲ. ಆಗ ಗೊತ್ತಾಗುತ್ತದೆ ಜೇನು ಯಾಕೆ ಅಂತ.

ಆಮೇಲಿನದು ಏರಿಳಿತ. 2017 ಮತ್ತು 2018ರ ವಿಶ್ವ ಸ್ಪರ್ಧೆಗಳಲ್ಲಿ ಪ್ಯಾರಲಲ್ ಬಾರ್ಸ್ ಬೆಳ್ಳಿ, ಎರಡು ಸಲವೂ ಮೇಲಿದ್ದದ್ದು ಚೀನಾದ ಜೋ ಜಿಂಗ್‌ಯುವಾನ್. 2019ರಲ್ಲಿ ಆಲ್‌ರೌಂಡ್ ಕಂಚು. ಆಮೇಲೆ ನನಗೆ ಬೇಜಾರಾದ ಭಾಗ. ಡೋಪಿಂಗ್ ಪರೀಕ್ಷೆಯಲ್ಲಿ ಮೆಲ್ಡೋನಿಯಂ ಎಂಬ ನಿಷೇಧಿತ ಔಷಧಿ ಸಿಕ್ಕಿತು. ಟೆನಿಸ್‌ನ ಶರಪೋವಾ ಸಿಕ್ಕಿಬಿದ್ದದ್ದೂ ಇದೇ ಔಷಧಿಯಲ್ಲಿ. ನಾಲ್ಕು ವರ್ಷ ನಿಷೇಧ, ಟೋಕಿಯೋ ಒಲಿಂಪಿಕ್ಸ್ ಹೋಯಿತು. 2023ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಇಳಿಸಿತು. ಶಿಕ್ಷೆ ಕಡಿಮೆಯಾಯಿತು ನಿಜ, ಆದರೆ ಅಷ್ಟರಲ್ಲಿ ಎರಡಕ್ಕಿಂತ ಜಾಸ್ತಿ ವರ್ಷ ಕಳೆದುಹೋಗಿತ್ತು ಅಲ್ವಾ? ಅನ್ಯಾಯ ಹುಡುಕಲೇಬೇಕು ಅಂದರೆ ನಾನು ಇಲ್ಲಿ ಹುಡುಕುತ್ತೇನೆ, ರಿಯೋದಲ್ಲಲ್ಲ.

ವಾಪಸ್ ಬಂದ. 2024ರಲ್ಲಿ ರಿಮಿನಿಯಲ್ಲಿ ಉಕ್ರೇನ್ ಯುರೋಪ್ ತಂಡ ಚಿನ್ನ ಗೆದ್ದಾಗ ಅವನೂ ತಂಡದಲ್ಲಿದ್ದ. ಪ್ಯಾರಿಸ್‌ಗೆ 30ನೇ ವಯಸ್ಸಿನಲ್ಲಿ ಹೋದ, ಉಕ್ರೇನ್ ತಂಡ ಐದನೇ ಸ್ಥಾನ. ಅಲ್ಲಿ ಪ್ಯಾರಲಲ್ ಬಾರ್ಸ್ ಬೆಳ್ಳಿ ಗೆದ್ದದ್ದು ಅದೇ ತಂಡದ ಇಲಿಯಾ ಕೋವ್ಟುನ್, ಅವನಿಗಿಂತ ಸುಮಾರು ಹತ್ತು ವರ್ಷ ಚಿಕ್ಕವನು. ಚಿನ್ನ ಮತ್ತೆ ಅದೇ ಜೋ ಜಿಂಗ್‌ಯುವಾನ್‌ಗೆ.

ವಿಡಿಯೋ ಹುಡುಕುವುದಾದರೆ ರಿಯೋದ ಪ್ಯಾರಲಲ್ ಬಾರ್ಸ್ ಫೈನಲ್ ಮೊದಲು ನೋಡಿ. ಹೈ ಬಾರ್ ಆಮೇಲೆ.