ಹಳೇ ಹಾರ್ಲೆ ಬೇಕಾದ್ರೆ ತಗೊಳ್ಳಿ, ಐಡ್ಲಿಂಗ್ ಸ್ಕ್ರೂ ಮಾತ್ರ ಮುಟ್ಟಬೇಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹೋಂಡಾ, ಯಮಹಾ, ಸುಜುಕಿ, ಕವಾಸಕಿ ನಾಲ್ಕೂ ಮನೆಯಲ್ಲೇ ಇರುವಾಗ ಜಪಾನಿನವರು ಅಮೆರಿಕದ ಹಾರ್ಲೆ-ಡೇವಿಡ್ಸನ್ ಬೈಕಿನ ಹಿಂದೆ ಯಾಕೆ ಬೀಳುತ್ತಾರೆ? ನಗೋಯಾಗೆ ಕೆಲಸಕ್ಕೆ ಬರುತ್ತಿರುವ ನೀವು ಹಳೇ ಹಾರ್ಲೆ ತಗೊಳ್ಳಬೇಕೋ, ಜಪಾನಿನದೇ ಕ್ರೂಸರ್ ತಗೊಳ್ಳಬೇಕೋ? 2015ರಲ್ಲಿ ನಾನೂ ಕಂಡಕಂಡವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಯಾರೂ ಸರಿಯಾಗಿ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ನಾನು ಮೈಸೂರಿನವನು. ಈಗ ಇರುವುದು ಹಮಾಮಾತ್ಸುವಿನಲ್ಲಿ, ನಗೋಯಾದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಸೊಯಿಚಿರೊ ಹೋಂಡಾ ಸೈಕಲ್ಲಿಗೆ ಸಣ್ಣ ಎಂಜಿನ್ ಕೂರಿಸಿ ಮಾರಲು ಶುರು ಮಾಡಿದ್ದು ಇದೇ ಊರಲ್ಲಿ. ಸುಜುಕಿಯ ಮುಖ್ಯ ಕಚೇರಿ ಇಲ್ಲೇ ಇದೆ. ಯಮಹಾ ಮೋಟಾರ್ ಇರುವುದು ಪಕ್ಕದ ಇವಾತಾದಲ್ಲಿ. ಇಂಥ ಊರಲ್ಲಿ ಭಾನುವಾರ ಬೆಳಗ್ಗೆ ಹಮಾನಾ ಸರೋವರದ ದಂಡೆಗೆ ಹೋದರೆ ಸಾಲಾಗಿ ಹಾರ್ಲೆಗಳು ನಿಂತಿರುತ್ತವೆ. ದೇವರಾಜ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಬೇರೆ ಊರಿನ ಮೈಸೂರು ಪಾಕ್ ಮೆಲ್ಲುವವರನ್ನು ಕಂಡ ಹಾಗಾಗಿತ್ತು ನನಗೆ.

'ಅಮೆರಿಕದ ಹುಚ್ಚು' ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಇಲ್ಲಿ 'ಅಮೆರಿಕನ್' ಅಂದರೆ ಬೈಕಿನ ಒಂದು ಆಕಾರ, ನೀವು ಕ್ರೂಸರ್ ಅನ್ನುವುದು, ಅಷ್ಟೇ. ಸೀಟು ತಗ್ಗು, ಹ್ಯಾಂಡಲ್ ಅಗಲ, ಕಾಲು ಮುಂದಕ್ಕೆ ಚಾಚಿದರೆ ಅದು ಅಮೆರಿಕನ್. ಹೋಂಡಾ ಸ್ಟೀಡ್ ಕೂಡ ಅಮೆರಿಕನ್, ಯಮಹಾ ಡ್ರಾಗ್‌ಸ್ಟಾರ್ ಕೂಡ ಅಮೆರಿಕನ್. (ಹೋಟೆಲಿನಲ್ಲಿ 'ಅಮೆರಿಕನ್' ಅಂತ ಸುಮ್ನೆ ಹೇಳಿಬಿಟ್ಟೀರಿ, ನೀರು ನೀರಾದ ಕಾಫಿ ತಂದಿಡುತ್ತಾರೆ. ನಮ್ಮ ಫಿಲ್ಟರ್ ಕಾಫಿ ನಾಲಿಗೆಗೆ ಅದು ಶಿಕ್ಷೆ.) ಹಾರ್ಲೆಯೂ ಇವರಿಗೆ ನಿನ್ನೆ ಮೊನ್ನೆಯದಲ್ಲ. 1930ರ ದಶಕದಲ್ಲೇ ಅದರ ಲೈಸೆನ್ಸ್ ಪಡೆದು ಟೋಕಿಯೋದ ಶಿನಾಗಾವಾದಲ್ಲಿ ಬೈಕ್ ಮಾಡುತ್ತಿದ್ದರು. ಹೆಸರು ರಿಕುಒ, ನೆಲದ ರಾಜ ಅಂತ ಅರ್ಥ. ಸೈನ್ಯಕ್ಕೂ ಅದು ಹೋಯಿತು. ನನ್ನ ಪ್ರಕಾರ ಹಾರ್ಲೆ ಇಲ್ಲಿಗೆ ಅಜ್ಜನ ಕಾಲದ ನೆಂಟ.

ಈ ಆಸೆ ಎಲ್ಲಿಂದ ಬಂತು ಅಂತ ನನಗೆ ತಿಳಿಸಿದ್ದು ನಮ್ಮ ಬೀದಿಯ ವರ್ಕ್‌ಶಾಪ್ ಅಜ್ಜ. ಎಪ್ಪತ್ತು ದಾಟಿದವರು. 1975ರಿಂದ 1996ರವರೆಗೆ ಇಲ್ಲಿ 400 ಸಿಸಿ ಮೇಲಿನ ಬೈಕಿಗೆ ಲೈಸೆನ್ಸ್ ಬೇಕಿದ್ದರೆ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಪಡೆಯುವ ಹಾಗಿರಲಿಲ್ಲ. ಪೊಲೀಸರ ಪರೀಕ್ಷಾ ಕೇಂದ್ರಕ್ಕೇ ಹೋಗಿ ಒಂದೇ ಏಟಿಗೆ ಪಾಸಾಗಬೇಕಿತ್ತು. ಫೇಲಾಗುವವರೇ ಜಾಸ್ತಿ. ಅಜ್ಜ ಏಳನೇ ಸಲಕ್ಕೆ ಪಾಸಾದರಂತೆ. ಅವರ ಗೆಳೆಯರು ಮೂರನೇ ಸಲಕ್ಕೇ ಕೈ ಚೆಲ್ಲಿ, ಮದುವೆ ಮಾಡಿಕೊಂಡು, ಮನೆ ಸಾಲ ಕಟ್ಟುತ್ತಾ ಕೂತರು. 1996ರಲ್ಲಿ ನಿಯಮ ಸಡಿಲಾಯಿತು. ಅಮೆರಿಕ ಕೂಡ ಅದಕ್ಕೆ ಒತ್ತಡ ಹಾಕಿತ್ತು, ದೊಡ್ಡ ಬೈಕ್ ಮಾರಬೇಕಲ್ಲ. 2005ರಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಲೂ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಹೆಂಡತಿ ರೈಲಿನಲ್ಲಿ, ಗಂಡ ಬೈಕಿನಲ್ಲಿ! ಇಪ್ಪತ್ತರಲ್ಲಿ ಕೈಗೆ ಸಿಗದ್ದು ಐವತ್ತರಲ್ಲಿ ಸಿಕ್ಕಿತು, ಕೈಯಲ್ಲಿ ದುಡ್ಡೂ ಇತ್ತು. ಹೀಗೆ ವಾಪಸ್ ಬಂದವರಿಗೆ ಇಲ್ಲಿ 'ರಿಟರ್ನ್ ರೈಡರ್' ಅಂತಲೇ ಹೆಸರು. ಸರೋವರದ ದಂಡೆಯಲ್ಲಿ ಹೆಲ್ಮೆಟ್ ತೆಗೆದಾಗ ಕಾಣುವುದು ಮುಕ್ಕಾಲು ಪಾಲು ಬಿಳಿ ಕೂದಲೇ.

ನಾನು ಕಾರ್ ಲೈಸೆನ್ಸ್ ಇದ್ದವನು. ಸ್ಕೂಲಿಗೆ ಸೇರಿ ಮೊದಲು 400 ಸಿಸಿಯವರೆಗಿನ ಲೈಸೆನ್ಸಿಗೆ 17 ಗಂಟೆ, ಆಮೇಲೆ ದೊಡ್ಡದಕ್ಕೆ ಇನ್ನೊಂದು 12 ಗಂಟೆ ಓಡಿಸಿದೆ. ಅದರಲ್ಲಿ 'ಇಪ್ಪೊನ್‌ಬಾಶಿ' ಅಂತ ಒಂದು ಹಲಗೆ ಇದೆ. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಅದರ ಮೇಲೆ ಕನಿಷ್ಠ 10 ಸೆಕೆಂಡ್ ತಗೊಂಡು ಹೋಗಬೇಕು. ಬೇಗ ಹೋದರೆ ಅಂಕ ಹೋಯಿತು, ಬಿದ್ದರೆ ಪರೀಕ್ಷೆಯೇ ಹೋಯಿತು. ಮೈಸೂರಿನ ದಸರಾ ಟ್ರಾಫಿಕ್ಕಿನಲ್ಲಿ ಬೆಳೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಎಂಟನೇ ಸೆಕೆಂಡಿಗೆ ಬಿದ್ದೆ. ಮೂರು ಸಲ.

ಕೊನೆಗೂ 2016ರಲ್ಲಿ ಹಾರ್ಲೆಯ ಫ್ಯಾಟ್ ಬಾಯ್ ಅನ್ನುವ ಮಾಡೆಲ್, 1998ರದು, ತಗೊಂಡೆ. 1340 ಸಿಸಿ ಎವಲ್ಯೂಷನ್ ಎಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಇದ್ದದ್ದು. ಬಿಚ್ಚಿ ನೋಡಿದರೆ ಕಾರ್ಬ್ಯುರೇಟರ್ ಕೇಹಿನ್, ಮುಂದಿನ ಫೋರ್ಕ್ ಶೋವಾ, ಎರಡೂ ಜಪಾನಿನವೇ. ಅಮೆರಿಕದ ಹುಚ್ಚಂತೆ!

ಈಗ ನನ್ನ ದಡ್ಡತನದ ಕತೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಗೊತ್ತು.

ಹಾರ್ಲೆಯ ಎರಡು ಸಿಲಿಂಡರ್ 45 ಡಿಗ್ರಿ ಕೋನದಲ್ಲಿವೆ. ಎರಡೂ ಪಿಸ್ಟನ್ ಕ್ರ್ಯಾಂಕಿನ, ಅಂದರೆ ಅವು ತಿರುಗಿಸುವ ದಂಡದ, ಒಂದೇ ಪಿನ್ನಿಗೆ ಜೋಡಿಸಿವೆ. ಹಾಗಾಗಿ ಒಂದು ಸಿಲಿಂಡರಿನೊಳಗೆ ಪೆಟ್ರೋಲ್ ಸಿಡಿದ ಮೇಲೆ ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದರಲ್ಲಿ ಸಿಡಿಯುತ್ತದೆ, ಆಮೇಲೆ ಮತ್ತೆ ಮೊದಲಿನದರಲ್ಲಿ ಸಿಡಿಯಲು 405 ಡಿಗ್ರಿ ಕಾಯಬೇಕು. ಒಂದು ಗ್ಯಾಪ್ ಸಣ್ಣದು, ಒಂದು ದೊಡ್ಡದು. ಎಂಜಿನ್ ಜೋರಾಗಿ ತಿರುಗುವಾಗ ಈ ವ್ಯತ್ಯಾಸ ಕಿವಿಗೆ ಸರಿಯಾಗಿ ಸಿಗಲ್ಲ. ಐಡ್ಲಿಂಗ್, ಅಂದರೆ ಬೈಕ್ ನಿಂತಿರುವಾಗ ಎಂಜಿನ್ ತಿರುಗುವ ವೇಗ, ಇಳಿಸುತ್ತಾ ಹೋದ ಹಾಗೆ ಏಟು, ಏಟು, ಬಿಡುವು ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ಮೂರು ಎಣಿಕೆ. ನಮ್ಮ ಮೃದಂಗದವರ ಭಾಷೆಯಲ್ಲಿ ತಕಿಟ, ತಕಿಟ, ತಕಿಟ. ಜಪಾನಿನವರು ಇದಕ್ಕೆ 'ಸಾನ್‌ಬ್ಯೋಶಿ' ಅನ್ನುತ್ತಾರೆ, ಅಂದರೆ ಮೂರು ತಾಳ. ಇದಕ್ಕಾಗಿ ಜೀವ ಬಿಡುವವರು ಇಲ್ಲಿ ಇದ್ದಾರೆ. ಹಳೇ ಕಾರ್ಬ್ಯುರೇಟರ್ ಹಾರ್ಲೆಗೆ ಇಲ್ಲಿ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ.

ನಮ್ಮ ಮನೆಯಲ್ಲಿ ಚಿಕ್ಕಪ್ಪನದು ಬುಲೆಟ್. ಪ್ರತಿ ಭಾನುವಾರ ಅದನ್ನು ಅಂಗಳದಲ್ಲಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು, ಐಡ್ಲಿಂಗ್ ಇಳಿಸುತ್ತಿದ್ದರು. 'ಒಂದೊಂದು ಏಟೂ ಎಣಿಸೋ ಹಾಗಿರಬೇಕು ಕಣೋ' ಅನ್ನುತ್ತಿದ್ದರು. ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ. ಆ ಅಭ್ಯಾಸ ನನ್ನ ಜೊತೆ ವಿಮಾನ ಹತ್ತಿ ಬಂದಿತ್ತು.

ಫ್ಯಾಟ್ ಬಾಯ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಟ್ಯಾಂಕ್ ಮೇಲೆ ದೊಡ್ಡ ಸ್ಪೀಡೋಮೀಟರ್ ಒಂದೇ. ಹಾಗಾಗಿ ನಾನು ಕಿವಿಯನ್ನೇ ಮೀಟರ್ ಮಾಡಿಕೊಂಡೆ. ಸ್ಕ್ರೂ ಕಾಲು ಸುತ್ತು ಎಡಕ್ಕೆ. ಚೆನ್ನಾಗಿದೆ ಅನ್ನಿಸಿತು. ಮುಂದಿನ ವಾರ ಇನ್ನೂ ಕಾಲು ಸುತ್ತು. ಇರಬೇಕಾದದ್ದು ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು. ನಾನು ಇಳಿಸಿದ್ದು 600ರ ಹತ್ತಿರ, ಅದೂ ಆಮೇಲೆ ಅಜ್ಜ ಮೀಟರ್ ಹಾಕಿ ನೋಡಿದಾಗ ಗೊತ್ತಾಗಿದ್ದು. ತಕಿಟ ಅಂತೂ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಚಿಕ್ಕಪ್ಪನಿಗೆ ಕಳಿಸಿದೆ. ಅವರು ಮೂರು ಸಲ ಕೇಳಿ 'ಭೇಷ್' ಅಂದರು.

ಮೊದಲು ಹೋದದ್ದು ಬ್ಯಾಟರಿ. ಎಂಜಿನ್ ನಿಧಾನ ತಿರುಗಿದರೆ ಆಲ್ಟರ್ನೇಟರ್ ಕೂಡ ನಿಧಾನ, ಕರೆಂಟ್ ಸಾಲಲ್ಲ. ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಲೇ ಇರಬೇಕು. ಪ್ರತಿ ಸಿಗ್ನಲ್‌ನಲ್ಲೂ ಬ್ಯಾಟರಿ ಕೊಡುತ್ತಲೇ ಇತ್ತು, ವಾಪಸ್ ಏನೂ ಬರುತ್ತಿರಲಿಲ್ಲ. ಆಗಸ್ಟ್ ತಿಂಗಳ ಒಬೊನ್ ರಜೆ, ಮೂವತ್ತೈದು ಡಿಗ್ರಿ ಬಿಸಿಲು. ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯುವ ದಿನಗಳು, ಎಲ್ಲರೂ ಊರಿಗೆ ಹೊರಟಿರುತ್ತಾರೆ. ರಸ್ತೆ ತುಂಬಾ ಕಾರು. ಒಂದು ಸಿಗ್ನಲ್‌ನಲ್ಲಿ ತಕಿಟ, ತಕಿಟ, ತ... ನಿಂತೇ ಹೋಯಿತು. ಸ್ಟಾರ್ಟರ್ ಒತ್ತಿದರೆ ಕ್ಲಿಕ್ ಅಂತ ಒಂದು ಸದ್ದು. ಮುನ್ನೂರು ಕೇಜಿ ಬೈಕನ್ನು ಒಬ್ಬನೇ ತಳ್ಳಿ ನೋಡಿ, ಆಮೇಲೆ ಮಾತಾಡೋಣ. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅಲ್ಲಿಗೆ ಬುದ್ಧಿ ಬರಬೇಕಿತ್ತು, ಅಲ್ವಾ? ನಾನು ಹೊಸ ಬ್ಯಾಟರಿ ಹಾಕಿಸಿದೆ. ಸ್ಕ್ರೂ ಹಾಗೇ ಬಿಟ್ಟೆ. ಇದೇ ನೋಡಿ ತಪ್ಪು.

ಆಯಿಲ್ ಪಂಪ್ ತಿರುಗುವುದೂ ಎಂಜಿನ್ ವೇಗದ ಲೆಕ್ಕದಲ್ಲೇ. ಐಡ್ಲಿಂಗ್‌ನಲ್ಲಿ ಈ ಎಂಜಿನ್ನಿನ ಆಯಿಲ್ ಪ್ರೆಶರ್ ಮೊದಲೇ ಕಡಿಮೆ. ಬಿಸಿಲಿಗೆ ಆಯಿಲ್ ತೆಳ್ಳಗಾಗಿ ಇನ್ನೂ ಇಳಿಯುತ್ತದೆ. ಮೇಲೆ ವಾಲ್ವ್ ಒತ್ತುವ ರಾಕರ್‌ವರೆಗೆ ಆಯಿಲ್ ಏರಬೇಕು, ಕೆಳಗಿನಿಂದ ಅವನ್ನು ಎತ್ತುವ ವಾಲ್ವ್ ಲಿಫ್ಟರ್‌ಗಳು ಆಯಿಲ್ ತುಂಬಿಕೊಂಡು ಗಟ್ಟಿಯಾಗಿ ನಿಲ್ಲಬೇಕು. ಜೊತೆಗೆ ಇದು ಗಾಳಿಯಿಂದ ತಣಿಯುವ ಎಂಜಿನ್. ನಿಂತಲ್ಲಿ ಗಾಳಿ ಎಲ್ಲಿ? ಓಡುವಾಗಲೂ ಮುಂದಿನ ಸಿಲಿಂಡರ್ ಅಡ್ಡ ನಿಂತು ಹಿಂದಿನದಕ್ಕೆ ಗಾಳಿ ಕಮ್ಮಿ. ನಾನು ಎರಡು ಬೇಸಿಗೆ ಸಿಗ್ನಲ್ ಸಿಗ್ನಲ್‌ನಲ್ಲೂ ಆ ಎಂಜಿನ್ನನ್ನು ಉಪವಾಸ ಕೂರಿಸಿ ಸಂಗೀತ ಕೇಳಿದೆ. ಎರಡನೇ ಬೇಸಿಗೆಯ ಕೊನೆಗೆ ತಕಿಟದ ಒಳಗೆ ಟಿಕ್ ಟಿಕ್ ಅಂತ ಇನ್ನೊಂದು ಸದ್ದು ಸೇರಿಕೊಂಡಿತು. ಅದನ್ನೂ ಹಳೇ ಎಂಜಿನ್ನಿನ ಗುಣ ಅಂದುಕೊಂಡೆ!

ಅಜ್ಜ ಬಿಚ್ಚಿದರು. ಬಿಳಿ ಬಟ್ಟೆ ಹಾಸಿ ಒಂದೊಂದೇ ಭಾಗ ಸಾಲಾಗಿ ಇಟ್ಟರು. ಆ ಲಿಫ್ಟರ್‌ಗಳನ್ನು ಎತ್ತುವ ಉಬ್ಬುಗಳಿರುವ ದಂಡ, ಕ್ಯಾಮ್‌ಶಾಫ್ಟ್, ಎತ್ತಿ ಬೆಳಕಿಗೆ ಹಿಡಿದು, ನನ್ನ ಹೆಬ್ಬೆರಳನ್ನು ತಾವೇ ಹಿಡಿದು ಅದರ ಉಬ್ಬಿನ ಮೇಲೆ ಉಜ್ಜಿದರು. ಕನ್ನಡಿ ಥರ ನುಣ್ಣಗಿರಬೇಕಾದ ಜಾಗ ಈಳಿಗೆ ಮಣೆಯ ಕಾಯಿ ತುರಿಯುವ ಹಲ್ಲಿನ ಹಾಗೆ ಚುಚ್ಚಿತು. ಲಿಫ್ಟರಿನ ಪುಟ್ಟ ಉರುಳೆ ಹಾಳಾಗಿ ಕ್ಯಾಮನ್ನು ಕೆರೆದಿತ್ತು. ಅದರ ಪುಡಿ ಆಯಿಲ್ ಜೊತೆ ಪಂಪಿಗೂ ಹೋಗಿತ್ತು. ಕ್ಯಾಮ್, ನಾಲ್ಕು ಲಿಫ್ಟರ್, ಪಂಪ್, ಅದರ ಮೇಲೆ ಕೂಲಿ. ಒಟ್ಟು ಬಿಲ್ಲು 3 ಲಕ್ಷ 80 ಸಾವಿರ ಯೆನ್. ಆ ವರ್ಷ ದೀಪಾವಳಿಗೆ ಊರಿಗೆ ಹೋಗಲಿಲ್ಲ. ಅಮ್ಮನಿಗೆ ರಜೆ ಸಿಗಲಿಲ್ಲ ಅಂದೆ. ಹೆಂಡತಿಗೆ ನಿಜ ಗೊತ್ತಿತ್ತು, ಚಿಕ್ಕಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಪ್ರಶ್ನೆಗೆ ಬರೋಣ. 'ಹಾರ್ಲೆಯೋ, ಜಪಾನೀ ಕ್ರೂಸರೋ' ಅನ್ನುವ ಪ್ರಶ್ನೆಯೇ ಆಮೇಲಿನದು. ಮೊದಲು ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಬೈಕ್ ನಿಲ್ಲಿಸಲು ಬಿಡುತ್ತಾರಾ ಕೇಳಿ. ಸೈಕಲ್ ಸ್ಟ್ಯಾಂಡ್ ಇದ್ದರೆ ಬೈಕಿಗೂ ಜಾಗ ಇದೆ ಅಂತ ಅಲ್ಲ. ಎಷ್ಟೋ ಕಡೆ ಖಡಾಖಂಡಿತ ಇಲ್ಲ ಅನ್ನುತ್ತಾರೆ. ಆಮೇಲೆ ಹತ್ತಿರದಲ್ಲಿ ಹಳೇ ಎಂಜಿನ್ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಹುಡುಕಿ. ಬೈಕಿಗಿಂತ ಮೊದಲು ಮೆಕ್ಯಾನಿಕ್ ಅನ್ನುವುದು ನನ್ನ ಹಟ. ನಗೋಯಾ ಕಡೆ ಸಿಗುತ್ತಾರೆ, ಹಳೇ ಹಾರ್ಲೆಯನ್ನು ಬೇಕಾದ ಹಾಗೆ ಮಾರ್ಪಡಿಸುವುದಕ್ಕೆ ಹೊರದೇಶದಲ್ಲೂ ಹೆಸರಾದ ಜೀರೋ ಎಂಜಿನಿಯರಿಂಗ್ ಶುರುವಾಗಿದ್ದು ನಿಮಗೆ ಹತ್ತಿರದ ಒಕಾಜಾಕಿಯಲ್ಲೇ.

250 ಸಿಸಿ ಮೇಲಿನ ಬೈಕಿಗೆ ಎರಡು ವರ್ಷಕ್ಕೊಮ್ಮೆ 'ಶಾಕೆನ್' ತಪಾಸಣೆ ಇದೆ, ಹೊಸ ಬೈಕಿಗೆ ಮೊದಲನೆಯದು ಮೂರು ವರ್ಷಕ್ಕೆ. ಹಳೇ ಮಾಲೀಕ ಉದ್ದ ಹ್ಯಾಂಡಲ್, ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದ್ದರೆ ಅಲ್ಲಿ ಸಿಕ್ಕಿಬೀಳುವುದು ನೀವು. ಎತ್ತರ 4 ಸೆಂಟಿಮೀಟರ್, ಅಗಲ 2 ಸೆಂಟಿಮೀಟರ್‌ಗಿಂತ ಜಾಸ್ತಿ ಬದಲಾಗಿದ್ದರೆ ಕಾಗದದಲ್ಲೂ ಬದಲಾವಣೆ ಮಾಡಿಸಿರಬೇಕು. ತಗೊಳ್ಳುವಾಗ ಟೇಪು ಹಿಡಿದುಕೊಂಡೇ ಹೋಗಿ. ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ.

ಇದೆಲ್ಲ ರಗಳೆ ಬೇಡ ಅನ್ನಿಸಿದರೆ ಹೋಂಡಾ ರೆಬೆಲ್ 250 ತಗೊಳ್ಳಿ. ಶಾಕೆನ್ ಇಲ್ಲ, ಬೆಳಗ್ಗೆ ಬಟನ್ ಒತ್ತಿದರೆ ಸ್ಟಾರ್ಟ್. ಒಳ್ಳೇ ಬೈಕು. ಆದರೆ ನೀವು ಪ್ರಶ್ನೆಯಲ್ಲಿ ಎರಡು ಸಲ 'ಸೌಂಡ್' ಅಂತ ಬರೆದಿದ್ದೀರಿ. ನೀವು ಅದನ್ನು ಒಂದು ವರ್ಷದಲ್ಲಿ ಮಾರಿ ಹಳೇ ಹಾರ್ಲೆಗೇ ಬರುತ್ತೀರಿ ಅಂತ ನನಗನ್ನಿಸುತ್ತೆ. ಹಾರ್ಲೆ ಹೆಸರಿನಲ್ಲೇ 2023ರಲ್ಲಿ ಎಕ್ಸ್ 350 ಇಲ್ಲಿ ಬಂತು, ಚಿಕ್ಕ ಲೈಸೆನ್ಸಿನಲ್ಲೇ ಓಡಿಸಬಹುದು. ನನ್ನ ಕಿವಿಗೆ ಅದು ಹಾರ್ಲೆ ಅಲ್ಲ. ಬೈದುಕೊಳ್ಳುವವರು ಬೈದುಕೊಳ್ಳಲಿ.

ನನ್ನ ಫ್ಯಾಟ್ ಬಾಯ್ ಈಗಲೂ ಇದೆ. ಎಂಜಿನ್ ಕೂರಿಸಿದ ದಿನ ಅಜ್ಜ ಐಡ್ಲಿಂಗ್ ಸಾವಿರಕ್ಕೆ ಇಟ್ಟು, ಸ್ಕ್ರೂ ತಲೆಗೂ ಪಕ್ಕದ ಬ್ರಾಕೆಟ್ಟಿಗೂ ಸೇರಿಸಿ ಹಳದಿ ಪೇಂಟಿನ ಒಂದು ಗೆರೆ ಎಳೆದರು. ಮುಟ್ಟಿದರೆ ಗೆರೆ ಒಡೆಯುತ್ತದೆ, ಅವರಿಗೆ ಗೊತ್ತಾಗುತ್ತದೆ. ಪ್ರತಿ ಸಲ ಆಯಿಲ್ ಬದಲಿಸುವಾಗ ಏನೂ ಮಾತಾಡದೆ ಟಾರ್ಚ್ ಬಿಟ್ಟು ಅದನ್ನೊಮ್ಮೆ ನೋಡುತ್ತಾರೆ.

ಅವರ ಶವಲ್‌ಹೆಡ್, ನನ್ನದಕ್ಕಿಂತ ಹಳೇ ಎಂಜಿನ್ನಿನ ಹಾರ್ಲೆ, ಮಾತ್ರ ಬೀದಿಗೆ ಬಂದರೆ ಸೊಗಸಾಗಿ ತಕಿಟ ಅನ್ನುತ್ತೆ. ನನಗೊಂದು ನ್ಯಾಯ, ನಿಮಗೊಂದಾ ಅಂತ ಕೇಳಿದೆ. ಟ್ರಾಫಿಕ್ಕಿನಲ್ಲಿ ಥ್ರಾಟಲ್ ಸ್ವಲ್ಪ ತಿರುಗಿಸಿಕೊಂಡೇ ಇರುತ್ತಾರಂತೆ. ತಮ್ಮ ಅಂಗಡಿ ಮುಂದೆ ಬಂದಾಗ ಮಾತ್ರ, ಎಂಜಿನ್ ಆಫ್ ಮಾಡುವ ಮೊದಲು, ಕೈ ಬಿಡುತ್ತಾರೆ. ಹತ್ತು ಸೆಕೆಂಡ್. ಬಾಯಲ್ಲೇ ಎಣಿಸಿ ತೋರಿಸಿದರು.